ಕೆಂಪು ಚುಕ್ಕೆಯೂ ಕೇಸರಿ ಬಳೆಯೂ: ಅಂಗೈಯಷ್ಟು ವಿಮಾನಕ್ಕೆ ಇಷ್ಟೊಂದು ರಗಳೆ ಯಾಕೆ?

ಜವಳಿ ಅಂಗಡಿಯವರನ್ನು ಕೇಳಿ ನೋಡಿ. ಒಳಗೆ ಟ್ಯೂಬ್‌ಲೈಟ್ ಕೆಳಗೆ ಹಸಿರಾಗಿದ್ದ ಸೀರೆ, ಗಿರಾಕಿ ಬಾಗಿಲ ಹೊರಗೆ ಬಿಸಿಲಿಗೆ ಹಿಡಿದ ಕೂಡಲೇ ಬೇರೆಯೇ ಹಸಿರಾಗಿ ಕೂರುತ್ತದೆ. ಮ್ಯಾಚಿಂಗ್ ರವಿಕೆ ಕಣದ ವಿಷಯದಲ್ಲಂತೂ ಎಷ್ಟು ಜಗಳ ನಡೆದಿವೆಯೋ ದೇವರೇ ಬಲ್ಲ. ಬಣ್ಣ ಅನ್ನೋದು ಬಟ್ಟೆಯಲ್ಲಿ ಅರ್ಧ, ಬೆಳಕಿನಲ್ಲಿ ಅರ್ಧ. ಇದು ವ್ಯಾಪಾರಿಗಳಿಗೆ ಗೊತ್ತಿರೋ ಹಳೇ ಸತ್ಯ.

ಇದೇ ಸತ್ಯದ ಜೊತೆ ರಾತ್ರಿ ಹನ್ನೊಂದರ ತನಕ ಗುದ್ದಾಡುವ ಇನ್ನೊಂದು ಜಾತಿ ಜನ ಇದ್ದಾರೆ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಯುದ್ಧ ವಿಮಾನಗಳ ಪುಟ್ಟ ಮಾದರಿ ಕಟ್ಟುವವರು. ಮನೆಯವರ ಲೆಕ್ಕದಲ್ಲಿ ಅದು ಆಟಿಕೆ. ನೋಡಿದವರು, “ಏನ್ರೀ, ಈ ವಯಸ್ಸಲ್ಲಿ ಗೊಂಬೆ ಆಟವೇ?” ಅಂತ ನಗ್ತಾರೆ. ನಗಲಿ ಬಿಡಿ. ಆದರೆ ಆ ಗೊಂಬೆಯ ರೆಕ್ಕೆ ಮೇಲಿನ ಬಣ್ಣದ ಬಳೆ ಹಿಂದುಮುಂದಾದರೆ ಏನಾಗುತ್ತೆ ಅನ್ನೋದು ನಗೋ ವಿಷಯ ಅಲ್ಲ. ಅದಕ್ಕೆ ಹಿಂದೊಮ್ಮೆ ಜೀವದ ಬೆಲೆ ಇತ್ತು.

ಎಪ್ಪತ್ತೆರಡರಲ್ಲಿ ಒಂದು

ಮೊದಲು ಅಳತೆ. ಈ ಹವ್ಯಾಸಿಗಳ ನಡುವೆ ಹೆಚ್ಚು ಚಾಲ್ತಿಯಲ್ಲಿರೋ ಅಳತೆಗಳಲ್ಲಿ ಒಂದು, ಎಪ್ಪತ್ತೆರಡರಲ್ಲಿ ಒಂದು. ಅಂದರೆ ನಿಜವಾದ ವಿಮಾನದ ಆರು ಅಡಿ, ಮಾದರಿಯಲ್ಲಿ ಒಂದು ಅಂಗುಲ. ಆರಡಿ ಆಳು ನಿಂತರೆ ಒಂದು ಅಂಗುಲದ ಗೊಂಬೆ. ಲೆಕ್ಕಕ್ಕೆ ಸಲೀಸು.

ಈ ಅಳತೆಗೆ ಒಂದು ಯುದ್ಧದ ಕಥೆಯೂ ಅಂಟಿಕೊಂಡಿದೆ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಹೈಸ್ಕೂಲ್ ಹುಡುಗರಿಗೆ ಒಂದು ಕೆಲಸ ಒಪ್ಪಿಸಿತು: ಮರದಲ್ಲಿ ಕೆತ್ತಿ ಐದು ಲಕ್ಷ ವಿಮಾನ ಮಾದರಿ ಮಾಡಿಕೊಡಿ, ಅಳತೆ ಎಪ್ಪತ್ತೆರಡರಲ್ಲಿ ಒಂದೇ ಇರಬೇಕು. ಆಟಕ್ಕಲ್ಲ. ತೋಪು ಹಾರಿಸುವ ಸಿಪಾಯಿಗೆ ಆಕಾಶದಲ್ಲಿ ಬರ್ತಾ ಇರೋದು ನಮ್ಮದೋ ಶತ್ರುವಿನದೋ ಅಂತ ಗುರುತು ಹಿಡಿಯೋದು ಕಲಿಸಲಿಕ್ಕೆ. ಈ ಅಳತೆಯ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, ನಿಜವಾದ ವಿಮಾನ ಹೆಚ್ಚುಕಮ್ಮಿ ಅರ್ಧ ಮೈಲಿ ದೂರದಲ್ಲಿ ಕಂಡ ಹಾಗೆಯೇ ಕಾಣುತ್ತದೆ. ಗುಣಿಸಿ ನೋಡಿ: 35ನ್ನು 72ರಿಂದ ಗುಣಿಸಿದರೆ 2,520 ಅಡಿ.

ಆ ಐದು ಲಕ್ಷ ಮಾದರಿಗಳಿಗೆ ಬಣ್ಣದ ತಲೆನೋವೇ ಇರಲಿಲ್ಲ. ಎಲ್ಲಕ್ಕೂ ಕಪ್ಪು! ದೂರದ ಆಕಾಶದಲ್ಲಿ ಕಾಣೋದು ಆಕಾರ ಮಾತ್ರ ಅಂತ. ಹತ್ತಿರ ಬಂದಾಗ ಮಾತ್ರ ಬಣ್ಣದ ಪ್ರಶ್ನೆ. ಅಷ್ಟರಲ್ಲಿ ಗುಂಡು ಹಾರಿಸಬೇಕೋ ಬೇಡವೋ ಅನ್ನೋದು ಒಂದೆರಡು ಸೆಕೆಂಡಿನ ತೀರ್ಮಾನ.

ಪ್ರಾಣಕ್ಕೆ ಕುತ್ತಾದ ಚುಕ್ಕೆ

ಆಗ ಬ್ರಿಟಿಷ್ ವಿಮಾನಗಳ ಮೇಲೆ ನೀಲಿ ಬಳೆ, ಒಳಗೆ ಬಿಳಿ, ನಡುವೆ ಕೆಂಪು ಚುಕ್ಕೆ ಇರುತ್ತಿತ್ತು. ಜಪಾನ್ ವಿಮಾನದ ಗುರುತು ಏನು? ಉದಯಸೂರ್ಯನ ಕೆಂಪು ಗುಂಡು. ಯುದ್ಧದ ಗಡಿಬಿಡಿಯಲ್ಲಿ, ಮರದ ಸಂದಿನಿಂದ ಕತ್ತೆತ್ತಿ ನೋಡಿದವನಿಗೆ ನೀಲಿ ಬಿಳಿ ಎಲ್ಲಿ ಕಾಣಬೇಕು? ಕಣ್ಣಿಗೆ ಹೊಡೆಯೋದು ಕೆಂಪು. ಕೆಂಪು ಕಂಡ್ರೆ ಗುಂಡು. ಇದೇ ಭಯಕ್ಕೆ ಅಮೆರಿಕದವರು 1942ರ ಮೇ ತಿಂಗಳಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು ಅಳಿಸಿ ಹಾಕಿದರು. ಭಾರತ, ಬರ್ಮಾ ಕಡೆ ಹಾರುತ್ತಿದ್ದ ವಿಮಾನಗಳ ಮೇಲಿನ ಕೆಂಪನ್ನೂ ಅದೇ ವರ್ಷ ಬಿಳಿ ಬಣ್ಣ ಬಳಿದು ಮುಚ್ಚತೊಡಗಿದರು.

ಮುಚ್ಚಿದ್ದಾಯ್ತು, ಇನ್ನೊಂದು ಫಜೀತಿ ಶುರುವಾಯ್ತು. ಹಸಿರು ಕಂದು ಬಳಿದ ರೆಕ್ಕೆಯ ಮೇಲೆ ಬಿಳಿ ಅನ್ನೋದು ಕತ್ತಲೆ ಕೋಣೆಯಲ್ಲಿ ದೀಪ ಇಟ್ಟ ಹಾಗೆ. ಶತ್ರುವಿಗೆ ಮೇಲಿಂದ ಚೆನ್ನಾಗಿ ಕಾಣುತ್ತೆ. ಆದ್ದರಿಂದ ಬಿಳಿ ಹೋಗಿ ತಿಳಿನೀಲಿ ಬಂತು. ಹೊರಗೆ ಕಡುನೀಲಿ, ಒಳಗೆ ತಿಳಿನೀಲಿ. ಗಾತ್ರವೂ ಕುಗ್ಗಿ ಸುಮಾರು 16 ಅಂಗುಲದ್ದಾಯಿತು. ಬರ್ಮಾದ ಮೇಲೆ ಹಾರಿದ ಭಾರತೀಯ ವಾಯುಪಡೆಯ ಹರಿಕೇನ್, ವೆಂಜೆನ್ಸ್, ಸ್ಪಿಟ್‌ಫೈರ್‌ಗಳು ಹೊತ್ತಿದ್ದು ಈ ನೀಲಿ ಗುರುತನ್ನೇ.

ಇನ್ನು ನಮ್ಮ ಹುಡುಗ ಒಬ್ಬ ಸ್ಪಿಟ್‌ಫೈರ್ ಕಿಟ್ ತರುತ್ತಾನೆ ಅನ್ನಿ. ಡಬ್ಬಿಯೊಳಗೆ ಇರೋದು ಇಂಗ್ಲೆಂಡಿನ ಕೆಂಪು ಚುಕ್ಕೆಯ ಸ್ಟಿಕ್ಕರು. ಅದನ್ನೇ ಅಂಟಿಸಿ, “ಬರ್ಮಾ ಯುದ್ಧದ ಭಾರತೀಯ ವಿಮಾನ” ಅಂತ ಚೀಟಿ ಇಟ್ಟರೆ? ಪ್ಲಾಸ್ಟಿಕ್ ಮಟ್ಟಿಗೆ ಸರಿ, ಚರಿತ್ರೆ ಮಟ್ಟಿಗೆ ಅಪಘಾತ. ಆ ಹದಿನಾರು ಅಂಗುಲ, ಮಾದರಿಯಲ್ಲಿ ಐದೂವರೆ ಮಿಲಿಮೀಟರಿನ ಒಂದು ಬೊಟ್ಟು, ಅಷ್ಟೇ. ಆ ಬೊಟ್ಟಿನೊಳಗೆ ಕೆಂಪು ಯಾಕಿಲ್ಲ ಅಂತ ಕೇಳಿದವನಿಗೆ ಇಡೀ ಬರ್ಮಾ ಯುದ್ಧದ ಕಥೆ ಸಿಗುತ್ತೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಿಮಾನಗಳ ಮೇಲೆ ಸ್ವಲ್ಪ ಕಾಲ ಅಶೋಕ ಚಕ್ರ ಇತ್ತು. ಆಮೇಲೆ ಬಂದದ್ದು ಈಗಿನ ತ್ರಿವರ್ಣದ ಬಳೆ. ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು ಗುಂಡು. ಶಾಲೆ ವಸ್ತುಪ್ರದರ್ಶನಗಳಲ್ಲಿ ಮಕ್ಕಳು ಮಾಡುವ ತಪ್ಪು ಇಲ್ಲೇ. ಹಸಿರನ್ನು ಹೊರಗೆ ಹಾಕಿ, ಕೇಸರಿ ಬದಲು ಅಂಗಡಿ ಕೆಂಪನ್ನೇ ನಡುವೆ ಬಳಿದುಬಿಡ್ತಾರೆ. ಹಾಗೆ ಮಾಡಿದರೆ ಅದು ಭಾರತದ ವಿಮಾನ ಅಲ್ಲ ಸ್ವಾಮಿ, ಇಟಲಿಯದು! ಇಟಲಿಯ ಗುರುತು ಹೊರಗೆ ಹಸಿರು, ಮಧ್ಯೆ ಬಿಳಿ, ಒಳಗೆ ಕೆಂಪು. ಆಗಸ್ಟ್ ಹದಿನೈದರಂದು ಮೇಷ್ಟ್ರ ಮೇಜಿನ ಮೇಲೆ ಇಟಲಿ ವಾಯುಪಡೆ ಇಳಿದಿರುತ್ತೆ, ಚಪ್ಪಾಳೆಯೂ ಬಿದ್ದಿರುತ್ತೆ.

ಕೇಸರಿ ಅಂದ್ರೆ ಯಾವ ಕೇಸರಿ ಅಂತ ಕೇಳುವವರಿಗೆ ದೂರ ಹೋಗೋದು ಬೇಡ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ರಾಷ್ಟ್ರಧ್ವಜ ಹೊಲಿಯುತ್ತಾರಲ್ಲ, ಆ ಬಾವುಟದ ಕೇಸರಿಗೆ ಸರ್ಕಾರದ ಮಾನಕವೇ ಇದೆ. ಬಣ್ಣ ಎಷ್ಟು ಅತ್ತಿತ್ತ ಹೋಗಬಹುದು ಅನ್ನೋದಕ್ಕೂ ಅಂಕಿಯಲ್ಲಿ ಮಿತಿ ಹಾಕಿದ್ದಾರೆ. ಕಣ್ಣಂದಾಜಿನ ವ್ಯವಹಾರ ಅಲ್ಲ. ಬಾವುಟದ ಖಾದಿಯೂ ವಿಮಾನದ ಪೇಂಟೂ ಒಂದೇ ಅಲ್ಲವಾದರೂ, ಕಿತ್ತಳೆಗೂ ಕೆಂಪಿಗೂ ನಡುವೆ ಎಲ್ಲಿ ನಿಲ್ಲಬೇಕು ಅನ್ನೋದು ಅದನ್ನು ನೋಡಿದರೆ ತಿಳಿಯುತ್ತದೆ.

ಬೆಳ್ಳಿ ವಿಮಾನಕ್ಕೆ ಮಣ್ಣಿನ ಬಣ್ಣ

1965ರ ತನಕ ನಮ್ಮ ಎಷ್ಟೋ ಯುದ್ಧ ವಿಮಾನಗಳು ತೊಳೆದಿಟ್ಟ ಸ್ಟೀಲ್ ಪಾತ್ರೆಯ ಹಾಗೆ ಥಳಥಳ ಅನ್ನುತ್ತಿದ್ದವು. ನೋಡೋಕೆ ಚಂದ. ಆದರೆ ಆ ವರ್ಷದ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ನಿಲ್ದಾಣದ ಮೇಲೆ ಪಾಕಿಸ್ತಾನದ ಸೇಬರ್‌ಗಳು ಎರಗಿದಾಗ, ನೆಲದ ಮೇಲೆ ನಿಂತಿದ್ದ ವಿಮಾನಗಳೇ ಸುಟ್ಟುಹೋದವು. ಹೊಸದಾಗಿ ಬಂದಿದ್ದ ಮಿಗ್-21ಗಳೂ ಅದರಲ್ಲಿ ಸೇರಿದ್ದವು. ಬಿಸಿಲಿಗೆ ಹೊಳೆಯುವ ವಸ್ತು ಆಕಾಶದಿಂದ ಎಷ್ಟು ದೂರಕ್ಕೆ ಕಾಣುತ್ತೆ ಅನ್ನೋದಕ್ಕೆ ಬೇರೆ ಪಾಠ ಬೇಕೆ?

1971ರಲ್ಲಿ ಆಗ್ರಾದ ತಾಜಮಹಲಿಗೇ ಗೋಣಿಬಟ್ಟೆ, ಮರದ ರೆಂಬೆ ಹೊದಿಸಿದ್ದು ಹಲವರಿಗೆ ನೆನಪಿರಬಹುದು. ಬೆಳದಿಂಗಳಲ್ಲಿ ಅಮೃತಶಿಲೆ ಹೊಳೆದು ಶತ್ರು ಪೈಲಟ್‌ಗೆ ದಾರಿ ತೋರಿಸೀತು ಅಂತ. ತಾಜಮಹಲಿಗೇ ಮುಸುಕು ಹಾಕಿದ ಮೇಲೆ ಮಿಗ್ ಯಾವ ಲೆಕ್ಕ? ಆ ಯುದ್ಧದ ಹೊತ್ತಿಗೆ ಬೆಳ್ಳಿ ಮಿಗ್-21ಗಳ ಮೇಲೆ ಹಸಿರು, ಕಂದು ಬಣ್ಣ ಬಿತ್ತು. ಕಾರ್ಖಾನೆಯಲ್ಲಿ ನಕ್ಷೆ ಹಿಡಿದು ಬಳಿದ ಬಣ್ಣ ಅಲ್ಲ. ಅವಸರದಲ್ಲಿ, ನಿಲ್ದಾಣದಲ್ಲೇ ಬಳಿದದ್ದು. ಒಂದು ಸ್ಕ್ವಾಡ್ರನ್ನಿನದು ಇನ್ನೊಂದರ ಹಾಗಿಲ್ಲ. ಒಂದರಲ್ಲಿ ಅಗಲ ಪಟ್ಟೆ, ಇನ್ನೊಂದರಲ್ಲಿ ಬರೀ ಕಲೆ.

ಮಾದರಿ ಕಟ್ಟುವವನಿಗೆ ಇಲ್ಲಿ ಕಷ್ಟವೂ ಇದೆ, ಖುಷಿಯೂ ಇದೆ. ಕಿಟ್ ಜೊತೆ ಬರೋ ಹಾಳೆಯಲ್ಲಿ ನೀಟಾಗಿ ಎಡ ಬಲ ಚಿತ್ರ ಹಾಕಿ, “ಭಾರತೀಯ ವಾಯುಪಡೆ, 1971” ಅಂತ ಬರೆದಿರುತ್ತಾರೆ. ಅದನ್ನು ನಂಬಿ ಬಳಿದರೆ ಅದು ಯಾವ ವಿಮಾನವೂ ಅಲ್ಲ. ಗಟ್ಟಿ ಕೆಲಸಗಾರ ಮೊದಲು ಒಂದು ವಿಮಾನ ಆರಿಸುತ್ತಾನೆ: ಇಂಥ ನಂಬರಿನದು, ಇಂಥ ಸ್ಕ್ವಾಡ್ರನ್ನಿನದು, ಇಂಥ ತಿಂಗಳಲ್ಲಿ ಹೀಗಿತ್ತು. ಮಿಗ್-21ರ ನಂಬರು ಸಿ ಅಕ್ಷರದಿಂದ ಶುರು, ನ್ಯಾಟ್‌ದು ಇ ಅಕ್ಷರದಿಂದ. ಆ ನಂಬರಿನ ಫೋಟೋ ಹುಡುಕುತ್ತಾನೆ. ಸಿಕ್ಕಮೇಲೆ ಬ್ರಷ್ಷು ಮುಟ್ಟುತ್ತಾನೆ. ಕಲೆ ಅಡ್ಡಾದಿಡ್ಡಿ ಇದ್ದರೆ ಅಡ್ಡಾದಿಡ್ಡಿಯಾಗಿಯೇ ಬಳಿಯೋದು ಸರಿ. ಅಲ್ಲಿ ನೀಟುತನವೇ ತಪ್ಪು!

ಈ ಮಿಗ್-21 ಕೂಡ ಈಗ ವಾಯುಪಡೆಯಲ್ಲಿಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ಬೀಳ್ಕೊಡುಗೆ ಆಯಿತು. ಇನ್ನು ಮುಂದೆ ಅದನ್ನು ನೋಡಬೇಕಾದರೆ ಕಂಬದ ಮೇಲೆ, ಮ್ಯೂಸಿಯಮ್ಮಿನಲ್ಲಿ, ಇಲ್ಲವೇ ಯಾರದೋ ಮನೆಯ ಷೋಕೇಸಿನಲ್ಲಿ.

ಫೋಟೋ ಕೂಡ ಸುಳ್ಳು ಹೇಳುತ್ತೆ

“ಫೋಟೋ ಇದೆಯಲ್ಲ, ಇನ್ನೇನು ಬೇಕು?” ಅನ್ನಬಹುದು. ಕಪ್ಪು ಬಿಳುಪು ಫೋಟೋವನ್ನು ಕಣ್ಮುಚ್ಚಿ ನಂಬಿ ಕೆಟ್ಟವರು ಬಹಳ. ಹಿಂದೆ ಆರ್ಥೋಕ್ರೊಮ್ಯಾಟಿಕ್ ಅನ್ನುವ ಒಂದು ಜಾತಿ ಫಿಲಂ ಇತ್ತು. ಅದಕ್ಕೆ ಕೆಂಪು ಬೆಳಕು ಕಾಣಲ್ಲ. ಕೆಂಪು ಕಪ್ಪಾಗಿ ಬೀಳುತ್ತೆ, ಹಳದಿ ಕೂಡ ಕಡುವಾಗಿ ಬೀಳುತ್ತೆ, ನೀಲಿ ಮಾತ್ರ ಬೆಳ್ಳಗೆ! ಬ್ರಿಟಿಷ್ ವಿಮಾನದ ಗುರುತಿನ ಹೊರಗಿನ ಹಳದಿ ಬಳೆ ಇಂಥ ಫೋಟೋದಲ್ಲಿ ಕಪ್ಪು ಗೆರೆಯ ಹಾಗೆ ಕಾಣುತ್ತೆ. ನೋಡಿದವನು ಕಪ್ಪೇ ಬಳಿದ. ಪಾಪ, ಅವನ ತಪ್ಪೇನು? ಇನ್ನೊಂದು ಜಾತಿ ಫಿಲಂ, ಪ್ಯಾಂಕ್ರೊಮ್ಯಾಟಿಕ್, ಎಲ್ಲ ಬಣ್ಣವನ್ನೂ ತಕ್ಕಮಟ್ಟಿಗೆ ಹಿಡಿಯುತ್ತೆ. ಫೋಟೋ ಯಾವ ಫಿಲಮ್ಮಿನದು ಅಂತ ತಿಳಿಯೋದು ಹೇಗೆ? ಗೊತ್ತಿರೋ ಬಣ್ಣವನ್ನು ಅದರಲ್ಲೇ ಹುಡುಕಬೇಕು. ಗುರುತಿನ ನಡುವಿನ ಕೆಂಪು ಸುತ್ತಲಿನ ನೀಲಿಗಿಂತ ಬಹಳ ಕಪ್ಪಾಗಿದೆಯೇ? ಹಾಗಾದ್ರೆ ಹಳದಿ ವಿಷಯದಲ್ಲೂ ಹುಷಾರು.

ಬಣ್ಣದ ಫೋಟೋ ಆದರೆ? ಮದುವೆ ಆಲ್ಬಂ ತೆಗೆದು ನೋಡಿ. ಮೂವತ್ತು ವರ್ಷದ ಹಿಂದೆ ಉಟ್ಟ ಹಸಿರು ಸೀರೆ ಈಗ ಆಲ್ಬಮ್ಮಿನಲ್ಲಿ ಯಾವ ಬಣ್ಣ ಆಗಿದೆ? ವಿಮಾನದ ಫೋಟೋಗೂ ಅದೇ ಗತಿ.

ಹೋಗಲಿ, ಮ್ಯೂಸಿಯಮ್ಮಿಗೆ ಹೋಗಿ ನಿಜ ವಿಮಾನವನ್ನೇ ನೋಡೋಣ ಅಂದರೆ ಅದೂ ಪೂರ್ತಿ ನಂಬೋ ಹಾಗಿಲ್ಲ. ಮಳೆ ಬಿಸಿಲಿಗೆ ನಿಂತ ವಿಮಾನಕ್ಕೆ ನಾಲ್ಕಾರು ವರ್ಷಕ್ಕೊಮ್ಮೆ ಪೇಂಟು ಹೊಡೆಯಲೇಬೇಕು. ಹೊಡೆಯೋನು ಕಂಟ್ರಾಕ್ಟರು. ಅವನು ಗೇಟಿಗೂ ಅದೇ ಬ್ರಷ್ಷು, ವಿಮಾನಕ್ಕೂ ಅದೇ ಬ್ರಷ್ಷು. ಆಕಾರ, ಅಳತೆ, ರಿವೆಟ್ಟು ನೋಡಲಿಕ್ಕೆ ಮ್ಯೂಸಿಯಂ ಗುರು. ಬಣ್ಣಕ್ಕೆ ಅಲ್ಲ. ಚಕ್ರದ ಗೂಡಿನ ಒಳಗೆ, ಬಾಗಿಲಿನ ಮಡಿಕೆಯಲ್ಲಿ ಬ್ರಷ್ಷು ಹೋಗದ ಮೂಲೆಯಲ್ಲಿ ಹಳೇ ಬಣ್ಣ ಇನ್ನೂ ಉಳಿದಿದ್ದರೆ ಅದು ನಿಧಿ.

ಜಪಾನಿನ ಝೀರೋ ವಿಮಾನದ ಮೊದಲ ವರ್ಷಗಳ ಬಣ್ಣ ಬರೀ ಬೂದಿಯೋ, ಹಳದಿ ಛಾಯೆ ಬೆರೆತ ಬೂದಿಯೋ ಅಂತ ದಶಕಗಳಿಂದ ಜಗಳ ನಡೆದಿದೆ. ಸಿಕ್ಕ ತುಂಡುಗಳೆಲ್ಲ ಬಿಸಿಲು ಮಳೆಗೆ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿರೋವು. ಮೇಲ್ಪದರ ಉಜ್ಜಿದರೆ ಕೆಳಗೆ ಬೇರೆ ಬಣ್ಣ. ಜಗಳ ಮುಗಿಯೋದು ಹೇಗೆ?

ಡಬ್ಬಿ ಮೇಲಿನ ನಂಬರು

ಪೇಂಟಂಗಡಿಯವರಿಗೆ ಶೇಡ್ ಕಾರ್ಡ್ ಅಂದ್ರೆ ಹೇಳಬೇಕಾಗಿಲ್ಲ. ವಾಯುಪಡೆಗಳಿಗೂ ಶೇಡ್ ಕಾರ್ಡ್ ಇದೆ. ಬ್ರಿಟನ್ನಿನದು ಬಿ.ಎಸ್. 381ಸಿ. ನಮ್ಮ ಹಂಟರ್ ವಿಮಾನಗಳು ಅಲ್ಲಿಂದ ಬರುವಾಗ ಹಾಕಿಕೊಂಡು ಬಂದ ಕಡುಹಸಿರು ಅದರಲ್ಲಿ 641, ಕಡಲ ಕಡುಬೂದಿ 638. ಅಮೆರಿಕದವರದು ಎಫ್.ಎಸ್. 595. ಅದರಲ್ಲಿ ಐದು ಅಂಕಿ, ಅಂಕಿಯೇ ಮಾತಾಡುತ್ತೆ. ಮೊದಲ ಅಂಕಿ ಹೊಳಪು: 1 ಅಂದ್ರೆ ಮಿರಿಮಿರಿ, 2 ಅಂದ್ರೆ ಅರೆಹೊಳಪು, 3 ಅಂದ್ರೆ ಮಂಕು. ಎರಡನೇ ಅಂಕಿ ಬಣ್ಣದ ಗುಂಪು: 4 ಹಸಿರು, 5 ನೀಲಿ, 6 ಬೂದಿ. 34079 ಅಂದರೆ ಮಂಕು ಹಸಿರು. ವಿಯಟ್ನಾಂ ಮೇಲೆ ಹಾರಿದ ಅಮೆರಿಕನ್ ವಿಮಾನಗಳ ಕಡುಹಸಿರು ಅದೇ. 14079 ಅಂತ ಕಂಡರೆ ಬಣ್ಣ ಅದೇ, ಹೊಳಪು ಬೇರೆ. ಈ ಎಫ್.ಎಸ್. 595ರ ಜಾಗಕ್ಕೆ 2017ರಲ್ಲಿ ಬೇರೆ ಹೆಸರಿನ ಮಾನಕ ಬಂದಿದ್ದರೂ ಹವ್ಯಾಸಿಗಳ ಬಾಯಲ್ಲಿ ಹಳೇ ನಂಬರೇ ಓಡಾಡುತ್ತಿದೆ.

ನಂಬರ್ ಸಿಕ್ಕಿತು, ಡಬ್ಬಿ ತಂದಾಯ್ತು, ಬಳಿದಾಯ್ತು. ಮಾದರಿ ನೋಡಿದರೆ ಕರ್ರಗೆ ಕಾಣುತ್ತೆ! ಬಣ್ಣ ಪಕ್ಕಾ ಅದೇ. ಮತ್ತೇನಾಯ್ತು? ದೂರದ ಬೆಟ್ಟ ಯಾಕೆ ನುಣ್ಣಗೆ ಅಂತ ಗಾದೆ ಇದೆ. ದೂರದ ಬೆಟ್ಟ ಯಾಕೆ ತಿಳಿ ಅಂತಲೂ ಕೇಳಬಹುದಿತ್ತು. ಹತ್ತಿರ ಹಸಿರಾಗಿರೋ ಕಾಡು ದೂರ ಹೋದಂತೆ ಬೂದಿ ನೀಲಿ. ನಡುವಿನ ಗಾಳಿ ಬಣ್ಣವನ್ನು ತೆಳುಮಾಡುತ್ತೆ. ಪುಟ್ಟ ಮಾದರಿಯನ್ನು ಒಂದಡಿ ದೂರದಿಂದ ನೋಡೋದು, ದೊಡ್ಡ ವಿಮಾನವನ್ನು ಎಪ್ಪತ್ತೆರಡು ಅಡಿ ದೂರದಿಂದ ನೋಡಿದ ಹಾಗೆ. ಅದಕ್ಕೇ ಅನುಭವಸ್ಥರು ಬಣ್ಣಕ್ಕೆ ಒಂದಿಷ್ಟು ಬಿಳಿ ಬೆರೆಸುತ್ತಾರೆ. ಕೆಲವರು ಹತ್ತಕ್ಕೆ ಒಂದು ಪಾಲು, ಕೆಲವರು ಇನ್ನೂ ಸ್ವಲ್ಪ ಜಾಸ್ತಿ. ಅಚ್ಚ ಕಪ್ಪನ್ನು ಬಹುಮಂದಿ ಮುಟ್ಟೋದೇ ಇಲ್ಲ, ಟೈರಿಗೂ ಕಡುಬೂದಿ. ಮಾನಕದ ಬಣ್ಣವೇ ಬೇಕು, ಬಿಳಿ ಗಿಳಿ ಬೇಡ ಅನ್ನೋ ಮಡಿವಂತರೂ ಇದ್ದಾರೆ. ಅವರ ಷೋಕೇಸು ಸ್ವಲ್ಪ ಕತ್ತಲೆ.

ಬಿಸಿಲಿನ ಲೆಕ್ಕ ಬೇರೆ. ಡಿಪೋದಿಂದ ಹೊಸದಾಗಿ ಬಂದ ಕೆಂಪು ಬಸ್ಸನ್ನೂ, ಐದು ವರ್ಷ ಘಟ್ಟ ಹತ್ತಿ ಇಳಿದ ಕೆಂಪು ಬಸ್ಸನ್ನೂ ಪಕ್ಕ ಪಕ್ಕ ನಿಲ್ಲಿಸಿ ನೋಡಿ. ಎರಡಕ್ಕೂ ಒಂದೇ ಡಬ್ಬಿ. ಆದರೆ ಒಂದು ಕುಂಕುಮ, ಇನ್ನೊಂದು ಇಟ್ಟಿಗೆ. ರಾಜಸ್ಥಾನದ ಬಿಸಿಲಿಗೆ ನಿಂತ ವಿಮಾನಕ್ಕೂ ಅಷ್ಟೇ. ಮೇಲ್ಮೈ ಬಿಳಿಚಿರುತ್ತೆ, ಹೊಟ್ಟೆ ಭಾಗ ಎಣ್ಣೆ ಹೊಗೆಯಿಂದ ಕೊಳೆ, ಪೈಲಟ್ ಕಾಲಿಟ್ಟು ಹತ್ತೋ ಜಾಗ ಸವೆದಿರುತ್ತೆ. ಇದನ್ನು ಅತಿ ಮಾಡಿ ಇಡೀ ವಿಮಾನವನ್ನು ಗುಜರಿ ಮಾಡೋರೂ ಇದ್ದಾರೆ. ನಡೆಯುವ ವಾಯುಪಡೆಯಲ್ಲಿ ವಿಮಾನ ಒರೆಸೋಕೆ ಜನ ಇರ್ತಾರೆ ಅನ್ನೋದನ್ನ ಅವರು ಮರೀತಾರೆ.

ಬಾಜಾರಿನ ಸಾಧಾರಣ ಎನಾಮಲ್ ಹೊಳೆಯುತ್ತೆ, ಯುದ್ಧ ವಿಮಾನಕ್ಕೆ ಸಲ್ಲ. ಮಕ್ಕಳ ಪೋಸ್ಟರ್ ಬಣ್ಣ ಪ್ಲಾಸ್ಟಿಕ್ ಮೇಲೆ ನಿಲ್ಲಲ್ಲ. ಮಾದರಿಗಾಗಿಯೇ ಮಾಡಿದ ಮಂಕು ಬಣ್ಣ ಆಗಬೇಕು, ಇಲ್ಲಾ ಕೊನೆಗೆ ಮಂಕು ವಾರ್ನಿಷ್ ಹೊಡೀಬೇಕು.

ಕೂದಲೆಳೆ ಅಲ್ಲ, ಬೆರಳು ಹೋಗೋ ಸಂದು

ಬಣ್ಣದಷ್ಟೇ ದೊಡ್ಡ ತಕರಾರು ಸಣ್ಣ ವಿವರಗಳದು. ವಿಮಾನದ ಮೈ ತಗಡುಗಳ ಜೋಡಣೆ. ಆ ಜೋಡಣೆ ತೋರಿಸಲು ಮಾದರಿಯ ಮೇಲೆ ಗೆರೆ ಕೊರೆಯುತ್ತಾರೆ. ಗೆರೆ ಅರ್ಧ ಮಿಲಿಮೀಟರ್ ಅಗಲ ಇದೆ ಅನ್ನಿ. ಕಣ್ಣಿಗೆ ಏನೂ ಇಲ್ಲ. 72ರಿಂದ ಗುಣಿಸಿ: 36 ಮಿಲಿಮೀಟರ್! ನಿಜ ವಿಮಾನದಲ್ಲಿ ಒಂದೂವರೆ ಅಂಗುಲದ ಸಂದು, ಎರಡು ಬೆರಳು ತೂರುತ್ತೆ. ಅಂಥ ವಿಮಾನ ಹಾರೀತೇ? ಬಣ್ಣವನ್ನು ಗಾರೆ ಮೆತ್ತಿದ ಹಾಗೆ ದಪ್ಪ ಬಳಿದರೂ ಇದೇ ಲೆಕ್ಕ. ಕಾಲು ಮಿಲಿಮೀಟರ್ ದಪ್ಪ ಅಂದ್ರೆ ನಿಜದಲ್ಲಿ 18 ಮಿಲಿಮೀಟರ್.

ನ್ಯಾಟ್ ವಿಮಾನದ ಪ್ರಸಂಗ ಕೇಳಿ. ಇಂಗ್ಲೆಂಡಿನ ಫೋಲಂಡ್ ಕಂಪನಿಯ ಈ ಪುಟಾಣಿಯನ್ನು ಬೆಂಗಳೂರಿನ ಎಚ್.ಎ.ಎಲ್. ಪರವಾನಗಿ ಪಡೆದು ಕಟ್ಟಿತು. “ಸೇಬರ್ ಸಂಹಾರಿ” ಅಂತ ಬಿರುದು ಬಂದದ್ದು ಇದಕ್ಕೇ. 1971ರ ನವೆಂಬರ್ 22ರಂದು ಬೊಯ್ರಾ ಮೇಲೆ ಪಾಕಿಸ್ತಾನಿ ಸೇಬರ್‌ಗಳನ್ನು ಕೆಡವಿದ್ದೂ ನ್ಯಾಟ್‌ಗಳೇ. ಎಪ್ಪತ್ತೆರಡರಲ್ಲಿ ಒಂದರ ಅಳತೆಗೆ ಬರೀ 12 ಸೆಂಟಿಮೀಟರ್ ಉದ್ದ. ಆದರೆ ಏರ್‌ಫಿಕ್ಸ್ ಕಂಪನಿಯವರ ಹೆಸರುವಾಸಿ ನ್ಯಾಟ್ ಕಿಟ್ ಇದೆಯಲ್ಲ, ಅದು ಎರಡು ಸೀಟಿನ ಟ್ರೈನರ್. 1965ರಿಂದ 1979ರ ತನಕ ಇಂಗ್ಲೆಂಡಿನ ರೆಡ್ ಆರೋಸ್ ತಂಡ ಕಸರತ್ತು ತೋರಿಸಿದ ಕೆಂಪು ವಿಮಾನ. ಅದರ ರೆಕ್ಕೆ ದೊಡ್ಡದು, ಮೈ ಉದ್ದ. ನಮ್ಮ ವಾಯುಪಡೆಯಲ್ಲಿ ಹಾರಿದ ನ್ಯಾಟ್‌ಗಳು ಒಂದು ಸೀಟಿನ ಫೈಟರ್. ಟ್ರೈನರ್ ತಂದು ತ್ರಿವರ್ಣ ಅಂಟಿಸಿದರೆ ನಮ್ಮ ನ್ಯಾಟ್ ಆಗಲ್ಲ. ಬಣ್ಣ ಎಷ್ಟೇ ಸರಿ ಇರಲಿ, ಬುಡವೇ ತಪ್ಪು. ಒಂದು ಸೀಟಿನದನ್ನು ಚೆಕ್ ದೇಶದ ಸ್ಪೆಷಲ್ ಹಾಬಿಯವರು ಮಾಡಿದ್ದಾರೆ.

ಕೊಡಗಿನ ಒಂದು ಮಿಸ್ಟೇರ್

ಮಡಿಕೇರಿ ಖಾಸಗಿ ಬಸ್ ನಿಲ್ದಾಣದ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿದೆ. ದಿನಾ ಅಲ್ಲಿ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಪೂರ್ತಿ ಕಥೆ ಗೊತ್ತಿದೆಯೋ! 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನಿಲ್ದಾಣದ ಮೇಲೆ ದಾಳಿಗೆ ಹೊರಟವು. ದೇವಯ್ಯ ಇದ್ದದ್ದು ಮೀಸಲು ಸಾಲಿನಲ್ಲಿ. ಹೋದವರ ಜೊತೆ ಹೋದರು, ತಿರುಗಿ ಬರಲಿಲ್ಲ. ಇಲ್ಲಿಯ ಕಾಗದದಲ್ಲಿ ಅವರು “ಕಾಣೆಯಾದವರು”, ಅಷ್ಟೇ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನ ಪುಸ್ತಕ ಹೊರಬಂತು. ಪಾಕಿಸ್ತಾನದ ಕಡೆಯ ಮಾಹಿತಿ ಹಿಡಿದು ಬರೆದದ್ದು. ಆ ಬೆಳಗ್ಗೆ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಅನ್ನೋದು ಅದರಿಂದ ಬಯಲಾಯಿತು. ಸ್ಟಾರ್‌ಫೈಟರ್ ಅಂದ್ರೆ ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಪಾಕಿಸ್ತಾನಿ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ಲೆಕ್ಕ ಹಾಕಿ ನೋಡಿದರೆ ಆ ಮಿಸ್ಟೇರ್ ದೇವಯ್ಯನವರದೇ. 1988ರಲ್ಲಿ, ಘಟನೆಯಾಗಿ 23 ವರ್ಷದ ಮೇಲೆ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಹಿಂದಿ ಚಿತ್ರಕ್ಕೆ ಮೂಲ ಇದೇ ಘಟನೆ.

ಸಿನಿಮಾ ನೋಡಿ ಬಂದ ಹುರುಪಿನಲ್ಲಿ ಆ ವಿಮಾನದ ಮಾದರಿ ಕಟ್ಟುತ್ತೇನೆ ಅಂತ ಹೊರಡುವವನಿಗೆ ಮೊದಲ ಗುಂಡಿ ಹೆಸರಿನಲ್ಲೇ ಇದೆ. ನಾವು ಫ್ರಾನ್ಸಿನಿಂದ ಕೊಂಡದ್ದು ಮಿಸ್ಟೇರ್ ನಾಲ್ಕು-ಎ, ಒಟ್ಟು 104. ಕಿಟ್ ಅಂಗಡಿಯಲ್ಲಿ ‘ಸೂಪರ್ ಮಿಸ್ಟೇರ್’ ಅಂತಲೂ ಸಿಗುತ್ತೆ. ಸೂಪರ್ ಅಂದ ಕೂಡಲೇ ಇನ್ನೂ ಒಳ್ಳೇದು ಅಂತ ಕೊಳ್ಳಬೇಡಿ. ಅದು ಬೇರೆಯೇ ವಿಮಾನ. ಅದರ ಮೂತಿಯ ಗಾಳಿಬಾಯಿ ಚಪ್ಪಟೆ, ಬಾಲದ ಕೊಳವೆ ದಪ್ಪ, ರೆಕ್ಕೆ ಇನ್ನೂ ಹಿಂದಕ್ಕೆ ಬಾಗಿದೆ. ನಾಲ್ಕು-ಎದು ಬಾಯಿ ಹೆಚ್ಚು ದುಂಡು, ಅದರ ಕೆಳಗೆ ಎರಡು 30 ಮಿಲಿಮೀಟರ್ ತೋಪು. ಅಳತೆಗೆ ಇಳಿಸಿದರೆ ಉದ್ದ ಹದಿನೆಂಟು ಸೆಂಟಿಮೀಟರಿಗೆ ತುಸು ಕಡಿಮೆ.

ಎರಡನೇ ಗುಂಡಿ ಬಣ್ಣ. ಮಿಸ್ಟೇರ್‌ನ ಯಾವುದೋ ಒಂದು ಫೋಟೋ ಸಾಲದು. ಕೊಂಡು ತಂದ ವರ್ಷದ ಪರೇಡ್ ಫೋಟೋಗೂ ಯುದ್ಧದ ವಾರಕ್ಕೂ ಸಂಬಂಧ ಕಲ್ಪಿಸೋ ಹಾಗಿಲ್ಲ. 1965ರ ಸೆಪ್ಟೆಂಬರಿನದು, ಆದಂಪುರದ್ದು, ಒಂದನೇ ಸ್ಕ್ವಾಡ್ರನ್ನಿನದೇ ಆಗಬೇಕು. ಸಿನಿಮಾದ ಪೋಸ್ಟರ್ ನೋಡಿ ಬಳಿಯೋ ಕೆಲಸವಂತೂ ಬೇಡವೇ ಬೇಡ. ಇಷ್ಟು ವರ್ಷ ದಾಖಲೆಯಲ್ಲಿ ಮುಚ್ಚಿಹೋಗಿದ್ದ ಮನುಷ್ಯನ ವಿಮಾನ ಅದು. ಅದಕ್ಕೆ ಇನ್ನೊಮ್ಮೆ ತಪ್ಪು ಬಣ್ಣ ಬಳಿಯೋದು ನ್ಯಾಯವೇ?

ನಮ್ಮದೇ ಮಾರುತ, ಕಿಟ್ಟೇ ಅಪರೂಪ

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಸುರಂಜನ್‌ದಾಸ್ ರಸ್ತೆ ಅಂತ ಟಿಕೆಟ್ ಕೇಳುವವರು ಸಾವಿರಾರು. ಸುರಂಜನ್ ದಾಸ್ ಎಚ್.ಎ.ಎಲ್.ನ ಪರೀಕ್ಷಾ ಪೈಲಟ್. ಎಚ್.ಎಫ್.-24 ಮಾರುತ್ ವಿಮಾನವನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದವರು. 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಮಾರುತ್‌ನದೇ ಸುಧಾರಿತ ಮಾದರಿಯೊಂದನ್ನು ಹಾರಿಸುತ್ತಾ ಪ್ರಾಣ ಬಿಟ್ಟವರು. ವಿಮಾನದ ವಿನ್ಯಾಸ ತಂಡದ ಮುಖ್ಯಸ್ಥ ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಹೆಸರಾಂತ ಫೋಕೆ-ವುಲ್ಫ್ 190 ಅವರದೇ. ಟ್ರೈನರ್‌ಗಳೂ ಸೇರಿ 147 ಮಾರುತ್‌ಗಳು ಬೆಂಗಳೂರಿನಲ್ಲಿ ತಯಾರಾದವು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಾಡಿದವು.

ಇಷ್ಟೆಲ್ಲ ಇದ್ದೂ ಹೊರದೇಶದ ದೊಡ್ಡ ಕಂಪನಿಗಳ ಡಬ್ಬಿಗಳ ಸಾಲಿನಲ್ಲಿ ಮಾರುತ್ ಕಾಣೋದೇ ಅಪರೂಪ. ಸ್ಪಿಟ್‌ಫೈರ್ ಬೇಕೇ, ಬುಟ್ಟಿ ತುಂಬ. ಮಾರುತ್ ಬೇಕೇ, ಮರ ಕೆತ್ತಿ, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಸ್ವಂತ ಕಟ್ಟುವುದಕ್ಕೂ ಸಿದ್ಧರಿರಬೇಕು. ಹಾಗೆ ಕಟ್ಟುವವರು ಎಡವೋದು ಸೊಂಟದ ಹತ್ತಿರ. ಮಾರುತ್‌ನ ಮೈ ನೆಟ್ಟಗಿನ ಕೊಳವೆ ಅಲ್ಲ. ರೆಕ್ಕೆ ಸೇರುವ ಕಡೆ ಸೋಡಾ ಬಾಟಲಿ ಕತ್ತಿನ ಹಾಗೆ ಸಣ್ಣಗಾಗುತ್ತದೆ, ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆ ಆಗಲಿ ಅಂತ. ಅದನ್ನು ನೆಟ್ಟಗೆ ಮಾಡಿದರೆ ಮಾರುತ್ ಹೋಯ್ತು, ಇನ್ಯಾವುದೋ ಆಯ್ತು.

ಅಳತೆ ಹಿಡಿಯೋರಿಗೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಆವರಣದಲ್ಲೇ ಒಂದು ಮಾರುತ್ ಇದೆ. ಎಚ್.ಎ.ಎಲ್. ತನ್ನ ಮ್ಯೂಸಿಯಂ ತೆರೆದದ್ದು 2001ರಲ್ಲಿ, ಅಲ್ಲೂ ನೋಡಬಹುದು. ನಿಜ ವಿಮಾನ 15.87 ಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 9 ಮೀಟರ್. ಎಪ್ಪತ್ತೆರಡರಿಂದ ಭಾಗಿಸಿದರೆ 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲ. ಹೋಗೋದಾದ್ರೆ ನಡುಮಧ್ಯಾಹ್ನ ಬೇಡ. ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೋ, ಸಂಜೆ ಮುಚ್ಚುವ ಮುಂಚೆಯೋ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ತಗಡಿನ ಜೋಡಣೆ, ರಿವೆಟ್ಟಿನ ಸಾಲು, ಸೊಂಟದ ಬಾಗು ಎಲ್ಲಾ ನೆರಳಿನಲ್ಲಿ ತಾವೇ ಎದ್ದು ಕಾಣುತ್ತವೆ.